ಅರವತ್ತು ಇಂಚು

ನಮ್ಮ ಭಾವನಷ್ಟು ಚೆನ್ನಾಗಿ ಕೆಲಸ ಶುರು ಮಾಡುವವರನ್ನು ನಾನು ಇನ್ನೂ ನೋಡಿಲ್ಲ. ಬೆಳಿಗ್ಗೆ ಓಡುತ್ತೇನೆ ಎಂದು ಬೂಟು ತಂದರು, ನಾಲ್ಕು ದಿನ ಓಡಿದರು. ಗಿಟಾರ್ ತಂದರು, ಅದು ಈಗ ಬಟ್ಟೆಯ ಥಾನುಗಳ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದೆ. ದಿನಾ ಬರೆಯುತ್ತೇನೆ ಎಂದು ತಂದ ಡೈರಿಯಲ್ಲಿ ಮೊದಲ ಮೂರು ಪುಟ ಭಾವನ ಜೀವನ, ಮಿಕ್ಕಿದ್ದೆಲ್ಲ ಗಿರಾಕಿಗಳ ಎದೆ ಮತ್ತು ಸೊಂಟದ ಅಳತೆ. ಇಂಥವರಿಗೆಂದೇ ಹಿರಿಯರು ಆರಂಭಶೂರ ಎಂಬ ಪದವನ್ನು ಮಾಡಿಟ್ಟು ಹೋಗಿದ್ದಾರೆ. ನಾನು ಅದನ್ನು ಭಾವನ ಎದುರಿಗೇ ಬಳಸುತ್ತಿದ್ದೆ. ಅವರು ನಕ್ಕು, ಮತ್ತೆ ಮೆಷಿನ್ ಮೇಲೆ ಬಗ್ಗುತ್ತಿದ್ದರು.

ಭಾವ ದರ್ಜಿ. ಅಕ್ಕ ಅವರಿಗಿಂತ ಒಳ್ಳೆಯ ದರ್ಜಿ, ಆದರೆ ಬೋರ್ಡಿನ ಮೇಲೆ ಭಾವನ ಹೆಸರಿದೆ. ಭಾವ ಅಳತೆ ತೆಗೆಯುತ್ತಾರೆ, ಅಕ್ಕ ಬಟ್ಟೆ ಕತ್ತರಿಸುತ್ತಾಳೆ, ಹೊಲಿಯುವುದು ಇಬ್ಬರೂ. ಗುಂಡಿ ಹೊಲಿಯುವುದು, ಗುಂಡಿ ತೂರುವ ಸೀಳಿಗೆ ಸುತ್ತ ದಾರ ಬಿಗಿದು ಕಾಜಾ ಹಾಕುವುದು ನನ್ನ ಪಾಲು. ಬೀದಿಗೆ ಮುಖ ಮಾಡಿದ ಕೋಣೆ ಅಂಗಡಿ, ಅದರ ಹಿಂದಿನ ಎರಡು ಕೋಣೆ ಮನೆ, ನಡುವೆ ಒಂದು ಪರದೆ. ಎರಡು ವರ್ಷದ ಹಿಂದೆ ನಾನು ಲ್ಯಾಬ್ ಟೆಕ್ನಿಷಿಯನ್ ಕೋರ್ಸನ್ನು ಅರ್ಧಕ್ಕೆ ಬಿಟ್ಟು ಇಲ್ಲಿಗೆ ಬಂದೆ. ಇನ್ನೊಬ್ಬರ ತೋಳಿಗೆ ಸೂಜಿ ಚುಚ್ಚಲು ಹೆದರಿ ಓದು ಬಿಟ್ಟವಳಿಗೆ ದಿನವಿಡೀ ಸೂಜಿ ಹಿಡಿಯುವ ಕೆಲಸ ಸಿಕ್ಕಿತು. ಭಾವ ನನ್ನನ್ನು ಕರೆಯುವುದೂ ಸೂಜಿ ಎಂದೇ, ಆದರೆ ಅದು ನನ್ನ ನಾಲಿಗೆಯನ್ನು ನೋಡಿ ಇಟ್ಟ ಹೆಸರು. ಕೋರ್ಸಿನ ಫೀಸನ್ನು ಅಪ್ಪ ಬಿಟ್ಟುಹೋದ ದುಡ್ಡಿನಲ್ಲಿ ಕಟ್ಟಿದ್ದು ಎಂದು ಅಕ್ಕ ಹೇಳಿದ್ದಳು. ಹಾಗಾಗಿ ನಾನು ಯಾರ ಹಂಗಿನಲ್ಲೂ ಇಲ್ಲ ಎಂದುಕೊಂಡು ತಲೆಯೆತ್ತಿ ಓಡಾಡುತ್ತಿದ್ದೆ.

ಸಾಲ ಇದ್ದದ್ದು ಅವರಿಗೆ. ಅಕ್ಕ ಬೆರಳು ಮಡಚಿ ಎಣಿಸುತ್ತಿದ್ದಳು: ಅಂಗಡಿಯ ಅಡ್ವಾನ್ಸು, ಎರಡನೇ ಮೆಷಿನ್ನು, ಅವಳ ಆಪರೇಷನ್ನು, ಮಂಚ ಹಾಸಿಗೆ, ಕೊನೆಗೆ ಚಿಲ್ಲರೆ ಸಾಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಮ್ಮ ಭಾವ ಆ ಹಾಸಿಗೆಯನ್ನೇ ಕಂತಿನಲ್ಲಿ ತಂದವರು. ಈ ಮಾತನ್ನು ನಾನು ಬಂದ ಗಿರಾಕಿಗಳಿಗೆಲ್ಲ ಹೇಳಿ ನಗಿಸಿದ್ದೇನೆ.

ಸಾಲ ಬೆಳೆದದ್ದು ಖರ್ಚಿನಿಂದ ಅಲ್ಲ, ಭಾವನ ಸಂಕೋಚದಿಂದ. ಕೊಡಬೇಕಾದ ದಿನ ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ, ಇಷ್ಟೇ ಇದೆ ಎಂದು ಎದುರಿಗೆ ನಿಂತು ಹೇಳಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಮೂಲೆಯ ಔಷಧಿ ಅಂಗಡಿಯ ಹತ್ತಿರ ನಮ್ಮ ಬೀದಿ ಎರಡಾಗಿ ಒಡೆಯುತ್ತದೆ. ಮುಂದಿನದು ದೊಡ್ಡ ರಸ್ತೆ, ಸಾಲ ಕೊಟ್ಟವರೆಲ್ಲ ಅಲ್ಲಿದ್ದಾರೆ. ಹಿಂದಿನದು ಗೋದಾಮುಗಳ ಓಣಿ, ಅಲ್ಲಿ ಯಾರೂ ಇಲ್ಲ. ಕೈ ಖಾಲಿಯಿದ್ದಾಗ ಭಾವ ಹಿಂದಿನ ಬೀದಿ ಹಿಡಿಯುತ್ತಿದ್ದರು. ಒಂದು ವಾರ ತಲೆ ತಪ್ಪಿಸಿದರೆ ಬಡ್ಡಿ, ಒಂದು ತಿಂಗಳು ತಪ್ಪಿಸಿದರೆ ಬಡ್ಡಿಗೆ ಬಡ್ಡಿ. ಅಕ್ಕ ಎಲ್ಲವನ್ನೂ ಸಹಿಸುತ್ತಿದ್ದಳು, ಆ ಹಿಂದಿನ ಬೀದಿಯೊಂದನ್ನು ಬಿಟ್ಟು.

ಕೊನೆಗೆ ಅಕ್ಕನೇ ಒಂದು ಸಹಕಾರಿ ಸೊಸೈಟಿಯನ್ನು ಹುಡುಕಿದಳು. ಅಲ್ಲಿನ ಕೌಂಟರಿನ ಮೇಡಂ ಐದೂ ಸಾಲವನ್ನು ಒಂದೇ ಮಾಡಿ, ಬಡ್ಡಿ ಅರ್ಧಕ್ಕಿಳಿಸಿ, ಅರವತ್ತು ತಿಂಗಳ ಕಂತು ಮಾಡಿಕೊಟ್ಟರು. ಕಂತು ಪ್ರತಿ ತಿಂಗಳು ಐದನೇ ತಾರೀಕು. ಒಂದು ಷರತ್ತಿತ್ತು. ಮೊದಲ ವರ್ಷ ಒಂದೇ ಒಂದು ಕಂತು ತಪ್ಪಿದರೂ ಒಪ್ಪಂದ ಮುರಿದ ಹಾಗೆ, ಹಳೆಯ ಐದು ಸಾಲವೂ ಹಳೆಯ ಬಡ್ಡಿಯೊಂದಿಗೆ ವಾಪಸ್ಸು, ಅಡವಿಟ್ಟ ಎರಡು ಮೆಷಿನ್ನೂ ಸೊಸೈಟಿಯ ಪಾಲು. ಮೆಷಿನ್ ಹೋದರೆ ಊಟ ಹೋದ ಹಾಗೆಯೇ. ಮನೆಗೆ ಬಂದ ಮೇಲೆ ಅಕ್ಕ ನನಗೆ ಹೇಳಿದಳು, "ಐದು ವರ್ಷ ಕಣೇ. ಇವರು ಯಾವುದನ್ನೂ ಐದು ವಾರ ಮಾಡಿದವರಲ್ಲ."

ಭಾವ ಎಂದಿನಂತೆ ಭರ್ಜರಿಯಾಗಿ ಶುರು ಮಾಡಿದರು. ಕೆಂಪು ಅಕ್ಷರದಲ್ಲಿ "ಸಾಲ ಶೂಲ" ಎಂದು ಬರೆದು ಕನ್ನಡಿಯ ಮೇಲೆ ಅಂಟಿಸಿದರು, ಗಿರಾಕಿಗಳಿಗೆ ಮುಖ ಕಾಣದಾಯಿತು. ಟೀ ಬಿಟ್ಟರು, ಎರಡನೇ ದಿನ ಪಕ್ಕದ ಸೈಕಲ್ ರಿಪೇರಿಯವನ ಟೀಯಲ್ಲಿ ಪಾಲು ಪಡೆದರು. ಅಕ್ಕ ಆ ಚೀಟಿಯನ್ನು ಕಿತ್ತು, ಅದರ ಪಕ್ಕದ ಮೊಳೆಗೆ ಹೊಸ ಅಳತೆ ಟೇಪೊಂದನ್ನು ನೇತುಹಾಕಿದಳು.

ದರ್ಜಿಯ ಟೇಪು ಅರವತ್ತು ಇಂಚು. ಕಂತೂ ಅರವತ್ತು. ಒಂದು ಕಂತು ಕಟ್ಟಿ ರಸೀದಿ ತಂದರೆ ಒಂದು ಇಂಚು ಕತ್ತರಿಸುವುದು, ಇಷ್ಟೇ ಲೆಕ್ಕ. ಆದರೆ ಯಾವ ತುದಿಯಿಂದ ಎಂದು ಗಂಡ ಹೆಂಡತಿಗೆ ಜಗಳವಾಯಿತು.

"ಅರವತ್ತರ ಕಡೆಯಿಂದ ಕತ್ತರಿಸು," ಎಂದರು ಭಾವ. "ಇನ್ನೆಷ್ಟು ಉಳಿದಿದೆ ಅಂತ ಕಾಣಬೇಕು. ಭಯ ಇದ್ರೇನೇ ಕೆಲಸ ಆಗೋದು."

"ಭಯ ಆದ್ರೆ ನೀವು ಎಲ್ಲಿ ಹೋಗ್ತೀರಿ ಅಂತ ನಂಗೊತ್ತು," ಎಂದಳು ಅಕ್ಕ. "ಒಂದರ ಕಡೆಯಿಂದ ಕತ್ತರಿಸ್ತೀನಿ. ಎಷ್ಟು ಮುಗೀತು ಅಂತ ಕಾಣಲಿ."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗಾಯಿತು. ಇಬ್ಬರೂ ಮರೆತಿದ್ದ ಸಂಗತಿಯನ್ನು ನಾನು ತೋರಿಸಿಕೊಟ್ಟೆ. ಟೇಪಿನ ಎರಡೂ ಮುಖದಲ್ಲಿ ಅಂಕಿ ಇರುತ್ತದೆ. ಒಂದು ಮುಖದಲ್ಲಿ ಒಂದು ಶುರುವಾಗುವ ತುದಿಯೇ ಇನ್ನೊಂದು ಮುಖದಲ್ಲಿ ಅರವತ್ತು ಮುಗಿಯುವ ತುದಿ. ಒಂದು ಕಡೆ ಕತ್ತರಿಸಿದರೆ ಸಾಕು, ಅಕ್ಕನ ಮುಖದಲ್ಲಿ ಮುಗಿದದ್ದು ಕಾಣುತ್ತದೆ, ಭಾವನ ಮುಖದಲ್ಲಿ ಉಳಿದದ್ದು. ಅಂದಿನಿಂದ ಅಕ್ಕ ಅತ್ತ ಹೋಗುವಾಗ ಟೇಪನ್ನು ತನ್ನ ಕಡೆಗೆ ತಿರುಗಿಸುತ್ತಿದ್ದಳು, ಭಾವ ಇತ್ತ ಬರುವಾಗ ತಮ್ಮ ಕಡೆಗೆ. ದಿನಕ್ಕೆ ಹತ್ತು ಸಲವಾದರೂ ತಿರುಗುತ್ತಿತ್ತು.

ಮೊದಲ ತಿಂಗಳು ಕಟ್ಟಿದರು, ಎರಡನೆಯದನ್ನೂ ಕಟ್ಟಿದರು. ಅಕ್ಕನಿಗೆ ಯಾವುದರ ಅಂಚು ಬಿಚ್ಚಿಕೊಂಡರೂ ಸಹಿಸದು. ಇಂಚು ಕತ್ತರಿಸಿದ ಮೇಲೆ ಟೇಪಿನ ತುದಿಯ ಹಿತ್ತಾಳೆ ಕ್ಲಿಪ್ಪನ್ನು ಬಿಡಿಸಿ, ಹೊಸ ತುದಿಗೆ ಹಾಕಿ, ಇಕ್ಕಳದಿಂದ ಒತ್ತುತ್ತಿದ್ದಳು. ನೋಡಿದರೆ ಕತ್ತರಿಸಿದ ಟೇಪು ಎಂದು ಯಾರಿಗೂ ತಿಳಿಯುವಂತಿರಲಿಲ್ಲ.

ಎಂಟನೇ ತಾರೀಕು ಎರಡು ಕೆಲಸವಿತ್ತು. ಸೊಸೈಟಿಗೆ ವಿಳಾಸದ ಕಾಗದವೊಂದನ್ನು ಕೊಡಬೇಕಿತ್ತು. ಅಲ್ಲಿಂದ ಹೊಸದಾಗಿ ತೆರೆಯಲಿದ್ದ ದೊಡ್ಡ ಹೋಟೆಲಿಗೆ ಹೋಗಿ, ಇಪ್ಪತ್ತೆರಡು ಜನ ಸಪ್ಲೈಯರ್‌ಗಳಿಗೆ ವೇಸ್ಟ್‌ಕೋಟಿನ ಅಳತೆ ತೆಗೆಯಬೇಕಿತ್ತು. ಅಷ್ಟು ದೊಡ್ಡ ಆರ್ಡರು ಅಂಗಡಿಗೆ ಎಂದೂ ಬಂದಿರಲಿಲ್ಲ, ಅದರ ದುಡ್ಡಿನಲ್ಲಿ ಮೂರನೇ ಕಂತು ಕಟ್ಟಿ ಮನೆಯನ್ನೂ ನಡೆಸಬಹುದಿತ್ತು. ಅಳತೆ ಬರೆದುಕೊಳ್ಳಲು ನಾನೂ ಹೊರಟೆ. ಆಫೀಸಿಗೆ ಕೊರಳಲ್ಲಿ ಟೇಪು ನೇತುಹಾಕಿಕೊಂಡು ಹೋದರೆ ಮರ್ಯಾದೆಯಲ್ಲ ಎಂದು ಭಾವ ತಮ್ಮ ಹಳೆಯ ಟೇಪನ್ನು ತೆಗೆದು ಮೇಜಿನ ಮೇಲಿಟ್ಟರು. ಹೊರಡುವಾಗ ಮೊಳೆಯ ಮೇಲಿದ್ದ ಸಾಲದ ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡರು.

ಮೇಡಂಗೆ ತೋರಿಸಲು! ಎರಡು ಕಂತು ಕಟ್ಟಿದ್ದಕ್ಕೆ ಇಷ್ಟು ಮೆರವಣಿಗೆ. ಕೌಂಟರಿನ ಮೇಲೆ ಟೇಪನ್ನು ಉದ್ದಕ್ಕೆ ಹಾಸಿ, "ನೋಡಿ ಮೇಡಂ, ಈ ಕಡೆ ನೋಡಿದ್ರೆ ಎರಡು ಮುಗಿದಿದೆ, ಈ ಕಡೆ ತಿರುಗಿಸಿದ್ರೆ ಐವತ್ತೆಂಟು ಬಾಕಿ," ಎಂದು ವಿವರಿಸಿದರು. ಮೇಡಂ ಕನ್ನಡಕ ಏರಿಸಿ ನೋಡಿ, "ಎಲ್ಲರೂ ಹೀಗಿದ್ರೆ ನನಗೆ ನೋಟಿಸ್ ಕಳಿಸೋ ಕೆಲಸವೇ ಇರಲ್ಲ," ಎಂದರು. ಭಾವ ಅಲ್ಲಿಂದ ಹೋಟೆಲಿನವರೆಗೂ ಎದೆಯುಬ್ಬಿಸಿ ನಡೆದರು.

ಹೋಟೆಲಿನಲ್ಲಿ ಜೇಬಿಗೆ ಕೈ ಹಾಕಿದರು. ಬಂದದ್ದು ಅದೇ ಟೇಪು. ಬೇರೇನು ಬರಬೇಕು, ಇನ್ನೊಂದು ಇದ್ದದ್ದು ಮನೆಯಲ್ಲಿ. ಅಳತೆ ಶುರು ಮಾಡಿದರು. ಅವರು ಕೂಗಿದರು, ನಾನು ಬರೆದೆ. ಕತ್ತರಿಸದ ತುದಿ ಕೈಗೆ ಬಂದರೆ ಅಳತೆ ಸರಿ, ಕತ್ತರಿಸಿದ ತುದಿ ಬಂದರೆ ಎರಡು ಇಂಚು ಜಾಸ್ತಿ. ಎರಡು ತುದಿಗೂ ಹಿತ್ತಾಳೆ ಕ್ಲಿಪ್ಪು, ಎರಡೂ ಒಂದೇ ಥರ. ಒಬ್ಬ ಒಣಕಲು ಮನುಷ್ಯನಿಗೆ ಎದೆ ಮೂವತ್ತೆಂಟು ಎಂದಾಗ ನಾನು ತಲೆಯೆತ್ತಿ ನೋಡಿದೆ. ಭಾವ ಮೆಲ್ಲಗೆ, "ಹೋಟೆಲಿನವನಲ್ವಾ, ಒಳಗೊಳಗೇ ತುಂಬಿಕೊಂಡಿರ್ತಾನೆ," ಎಂದರು. ನಾನು ನಕ್ಕು ಬರೆದುಕೊಂಡೆ. ಆಮೇಲೆ ಆದ ತಪ್ಪಿನಲ್ಲಿ ಆ ನಗುವಿಗೂ ಪಾಲಿದೆ.

ಮೂರು ವಾರ ಮೂರು ಜನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೊಲಿದೆವು. ಕಡುನೀಲಿ ಬಟ್ಟೆ, ಬೂದು ಲೈನಿಂಗ್, ಒಂದೊಂದಕ್ಕೆ ಐದು ಗುಂಡಿ. ನೂರಾಹತ್ತು ಕಾಜಾ ಹಾಕುವಷ್ಟರಲ್ಲಿ ನನ್ನ ಹೆಬ್ಬೆರಳು ನನ್ನದೇ ಎಂಬ ನಂಬಿಕೆ ಹೋಗಿತ್ತು. ತಿಂಗಳ ಕೊನೆಯ ದಿನ ತೆಗೆದುಕೊಂಡು ಹೋದೆವು. ಹದಿಮೂರು ಜನಕ್ಕೆ ಮೈಗೆ ಎರಕ ಹೊಯ್ದ ಹಾಗೆ ಕೂತವು. ಒಂಬತ್ತು ಜನಕ್ಕೆ ತೊಡೆಯವರೆಗೆ ಜೋತುಬಿದ್ದವು.

"ಇದು ವೇಸ್ಟ್‌ಕೋಟೋ ಅಥವಾ ಬಸುರಿಯರ ಬಟ್ಟೆಯೋ?" ಎಂದ ಹೋಟೆಲ್ ಮ್ಯಾನೇಜರ್. "ಒಂಬತ್ತನ್ನೂ ಸರಿ ಮಾಡಿ ತನ್ನಿ. ಇಪ್ಪತ್ತೆರಡೂ ಸರಿಯಾದ ಮೇಲೆ ದುಡ್ಡು. ತಡ ಆದ್ರೆ ಅದರಲ್ಲಿ ಹಿಡೀತೀನಿ."

ಒಂಬತ್ತನ್ನು ಹೊತ್ತುಕೊಂಡು ಬಂದೆವು. ಅಕ್ಕ ಒಂದೊಂದನ್ನೂ ಮೇಜಿನ ಮೇಲೆ ಹಾಸಿ, ಪುಸ್ತಕದ ಜೊತೆ ತಾಳೆ ನೋಡಿದಳು. ಪುಸ್ತಕದಲ್ಲಿ ಇದ್ದ ಹಾಗೆಯೇ ಹೊಲಿದಿತ್ತು. ಭಾವ ನನ್ನ ಕಡೆ ತಿರುಗಿ, "ಸೂಜಿ, ನೀನೇನಾದ್ರೂ ತಪ್ಪು ಬರೆದ್ಯಾ?" ಎಂದರು.

ನನಗೆ ಎಲ್ಲಿತ್ತೋ ಸಿಟ್ಟು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದೆ. "ನೀವು ಕೂಗಿದ್ದನ್ನ ಬರೆದೆ. ನಿಮ್ಮ ಟೇಪನ್ನ ಕೇಳಿ."

"ಯಾವ ಟೇಪು?" ಎಂದಳು ಅಕ್ಕ.

ಭಾವ ಮೊಳೆಯ ಕಡೆ ನೋಡಿದರು. ಅಕ್ಕ ಮೊಳೆಯ ಹತ್ತಿರ ಹೋಗಿ ಟೇಪನ್ನು ತೆಗೆದು, ಕತ್ತರಿಸಿದ ತುದಿಯನ್ನು ತನ್ನ ಎದೆಗಿಟ್ಟು ಸುತ್ತಿ ನೋಡಿಕೊಂಡಳು. ಆಮೇಲೆ ಭಾವನ ಮುಖ ನೋಡಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಒಂದು ಸುತ್ತಿಗೆ ತಂದು, ಆ ಟೇಪಿನ ನಡುವಿಗೆ ನಾಲ್ಕು ಸಣ್ಣ ಮೊಳೆ ಹೊಡೆದು ಗೋಡೆಗೆ ಸೇರಿಸಿಬಿಟ್ಟಳು. ಇನ್ನು ಯಾರೂ ಅದನ್ನು ತಿರುಗಿಸುವಂತೆಯೂ ಇಲ್ಲ, ಜೇಬಿಗೆ ಹಾಕುವಂತೆಯೂ ಇಲ್ಲ.

ದೊಡ್ಡದನ್ನು ಚಿಕ್ಕದು ಮಾಡುವುದೇನು ಮಹಾ ಎಂದು ಹೊರಗಿನವರು ಹೇಳಬಹುದು. ಆದರೆ ಅಳತೆಯಲ್ಲಿ ಉದ್ದವೂ ಎರಡು ಇಂಚು ಹೆಚ್ಚಿದ್ದರಿಂದ ಜೇಬುಗಳು ಕೆಳಗಿಳಿದಿದ್ದವು, ಗುಂಡಿಗಳ ನಡುವಿನ ಅಂತರವೂ ಕೆಟ್ಟಿತ್ತು. ಒಂಬತ್ತಕ್ಕೂ ಮುಂಭಾಗವನ್ನು ಹೊಸದಾಗಿಯೇ ಕತ್ತರಿಸಬೇಕು. ಅದಕ್ಕೆ ಬಟ್ಟೆ ಬೇಕು, ಬಟ್ಟೆಗೆ ದುಡ್ಡು ಬೇಕು. ಕಂತಿಗೆಂದು ಡಬ್ಬಿಯಲ್ಲಿ ಕೂಡಿಟ್ಟಿದ್ದ ಅಷ್ಟಿಷ್ಟೂ ಬಟ್ಟೆ ಅಂಗಡಿಗೆ ಹೋಯಿತು.

ಭಾವ ತಲೆಯ ಮೇಲೆ ಕೈ ಹೊತ್ತು ಸ್ಟೂಲಿನ ಮೇಲೆ ಕೂತರು. ಆ ಭಂಗಿ ನನಗೆ ಗೊತ್ತು, ಗಿಟಾರ್ ಬಿಟ್ಟ ದಿನವೂ ಹಾಗೇ ಕೂತಿದ್ದರು. "ನನ್ನಿಂದ ಆಗಲ್ಲ ಕಣೇ," ಎಂದರು ಅಕ್ಕನಿಗೆ. "ಇನ್ನೂ ಐವತ್ತೆಂಟು. ಎರಡಕ್ಕೇ ಹೀಗಾದ್ರೆ ಐವತ್ತೆಂಟಕ್ಕೆ ಏನು ಗತಿ? ಮೆಷಿನ್ ತಗೊಂಡು ಹೋಗಲಿ ಬಿಡು. ಎಲ್ಲಾದ್ರೂ ಕೂಲಿಗೆ ಹೊಲೀತೀನಿ."

"ಆಗಲ್ಲ ಅಂತ ನಾಳೆ ಹೇಳಿ," ಎಂದಳು ಅಕ್ಕ. "ಇವತ್ತು ಹದಿನೆಂಟು ಜೇಬು ಬಿಚ್ಚಬೇಕು."

ಮರುದಿನವೂ ಅವಳು ಅದನ್ನೇ ಹೇಳಿದಳು, ಜೇಬಿನ ಬದಲು ಲೈನಿಂಗ್ ಎಂದಳು ಅಷ್ಟೆ. ಆಗಲ್ಲ ಎನ್ನುವುದಕ್ಕೆ ಭಾವನಿಗೆ ಆ ನಾಲ್ಕು ದಿನ ಬಿಡುವೇ ಸಿಗಲಿಲ್ಲ. ಅವರು ಹೋಟೆಲಿಗೆ ಹೋಗಿ, ಪಾತ್ರೆ ತೊಳೆಯುವ ಜಾಗದ ಪಕ್ಕ ನಿಂತು, ತಮ್ಮ ಹಳೆಯ ಟೇಪಿನಿಂದ ಒಂಬತ್ತು ಜನರ ಅಳತೆಯನ್ನು ಮತ್ತೆ ತಂದರು. ಅಕ್ಕ ಕತ್ತರಿಸಿದಳು. ನಾನು ಮತ್ತೆ ನಲವತ್ತೈದು ಕಾಜಾ ಹಾಕಿದೆ, ಬಾಯಿ ಮಾತ್ರ ಬಿಡುವಾಗಿದ್ದರಿಂದ ಅದಕ್ಕೂ ಕೆಲಸ ಕೊಟ್ಟೆ. ಆರಂಭಶೂರ ಎಂದೆ, ಮೆರವಣಿಗೆ ಎಂದೆ, ಹಾಸಿಗೆಯ ಮಾತನ್ನೂ ಎತ್ತಿದೆ. ಭಾವ ಹೂಂ ಹೂಂ ಎನ್ನುತ್ತ ಮೆಷಿನ್ ತುಳಿದರು. ನಾಲ್ಕನೇ ತಾರೀಕು ಸಂಜೆ ಒಂಬತ್ತನ್ನೂ ಕೊಟ್ಟು ಬಂದರು. ತಡವಾದದ್ದಕ್ಕೆ ಹಿಡಿದು ಮ್ಯಾನೇಜರ್ ಕೊಟ್ಟದ್ದನ್ನು ಅಕ್ಕ ಎಣಿಸಿದಳು. ಅಂಗಡಿ ಬಾಡಿಗೆಗೆ ತೆಗೆದಿಟ್ಟ ಮೇಲೆ ಕಂತಿಗೆ ಮೂರನೇ ಒಂದು ಪಾಲು ಕಡಿಮೆ ಬಿತ್ತು.

ಇಲ್ಲಿ ನನ್ನ ವಿಷಯ ಹೇಳಬೇಕು. ನನ್ನ ಹತ್ತಿರ ದುಡ್ಡಿತ್ತು. ಹೊರಗಿನ ಇಬ್ಬರು ದರ್ಜಿಗಳಿಗೂ ಕಾಜಾ ಹಾಕಿಕೊಟ್ಟು, ಒಂದೂವರೆ ವರ್ಷ ಕೂಡಿಸಿದ ದುಡ್ಡು. ಸ್ಟೇಷನರಿ ಅಂಗಡಿಯ ಮೇಲೆ ಒಂದು ರೂಮು ನೋಡಿದ್ದೆ. ಒಂದೇ ಕಿಟಕಿ, ಒಂದು ಒಲೆಕಟ್ಟೆ, ನನ್ನದೇ ಬೀಗದ ಕೈ. ಪರದೆಯ ಹಿಂದೆ ಮಲಗಿ, ಅಕ್ಕ ಭಾವ ಕಂತಿನ ಲೆಕ್ಕ ಹಾಕುವುದನ್ನು ಕೇಳುತ್ತ ನಿದ್ದೆ ಮಾಡಿ ನನಗೆ ಸಾಕಾಗಿತ್ತು. ಆ ರೂಮಿನ ಒಡತಿ ಅಜ್ಜಿ ಐದನೇ ತಾರೀಕಿನವರೆಗೆ ಕಾಯುತ್ತೇನೆ ಎಂದಿದ್ದರು. ಅಕ್ಕನಿಗೆ ಇದು ಗೊತ್ತಿತ್ತು. ಅವಳು ಆ ದುಡ್ಡನ್ನು ಕೇಳಲಿಲ್ಲ, ನಾನೂ ಕೊಡುತ್ತೇನೆ ಎನ್ನಲಿಲ್ಲ. ಅವರ ಸಾಲ, ಅವರ ಟೇಪು, ನನಗೇನು? ಹಾಗೆಂದುಕೊಂಡೇ ನಾನು ಐದರ ಬೆಳಿಗ್ಗೆ ದುಡ್ಡನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

"ಭಾವನ ಜೊತೆ ಮೂಲೆವರೆಗೂ ಹೋಗೇ," ಎಂದಳು ಅಕ್ಕ ಮೆತ್ತಗೆ. "ಅವರು ಯಾವ ಬೀದಿ ಹಿಡೀತಾರೆ ನೋಡು."

"ಹಿಂದಿನದು ಹಿಡಿದ್ರೆ?"

"ಹಿಡಿದ್ರೆ ಬಂದು ಹೇಳು. ಮೆಷಿನ್‌ಗಳನ್ನ ಒರೆಸಿ ಇಡ್ತೀನಿ."

ಔಷಧಿ ಅಂಗಡಿಯ ಮೂಲೆಯಲ್ಲಿ ಭಾವ ನಿಂತರು. ಜೇಬಿನಲ್ಲಿದ್ದ ಲಕೋಟೆಯನ್ನು ಮುಟ್ಟಿ ನೋಡಿಕೊಂಡರು. ಗೋದಾಮಿನ ಓಣಿಯಲ್ಲಿ ಒಂದು ಲಾರಿ ಹಿಂದಕ್ಕೆ ಬರುತ್ತಿತ್ತು, ಅದು ನಿಲ್ಲುವವರೆಗೂ ಅದನ್ನೇ ನೋಡಿದರು. ನಾನು ನನ್ನ ಪಾಡಿಗೆ ಇರಬೇಕೆಂದುಕೊಂಡವಳು, ಅವರ ಕಾಲನ್ನೇ ನೋಡುತ್ತ ನಿಂತಿದ್ದೆ. ಭಾವ ನನ್ನ ಕಡೆ ನೋಡದೆ, "ಕಡಿಮೆ ಇದೆ ಅಂತ ಹೇಗೆ ಶುರು ಮಾಡಬೇಕು, ಹೇಳು," ಎಂದರು.

"ಶುರು ಮಾಡೋದರಲ್ಲಿ ನೀವೇ ಎತ್ತಿದ ಕೈ ಅಲ್ವಾ," ಎಂದೆ.

ಅವರು ನಕ್ಕು ಮುಂದಿನ ಬೀದಿ ಹಿಡಿದರು. ನಾನು ಅಲ್ಲಿಂದಲೇ ರೂಮಿನ ಕಡೆ ಹೋಗಬಹುದಿತ್ತು. ಅದು ಯಾಕೋ, ಅವರ ಹಿಂದೆಯೇ ಸೊಸೈಟಿಯೊಳಗೆ ಹೋದೆ.

ಭಾವ ಲಕೋಟೆಯನ್ನು ಕೌಂಟರಿನ ಮೇಲಿಟ್ಟು, ಕೈಕಟ್ಟಿ ನಿಂತು, ಎಲ್ಲವನ್ನೂ ಹೇಳಿದರು. ಟೇಪು, ಹೋಟೆಲು, ಒಂಬತ್ತು ಜನ, ಬಟ್ಟೆ, ಒಂದನ್ನೂ ಬಿಡಲಿಲ್ಲ. ಅವರು ಯಾರ ಎದುರಿಗಾದರೂ ಹಾಗೆ ನಿಂತು ಹೇಳಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಮೇಡಂ ನಗಲಿಲ್ಲ. "ಅರ್ಧಂಬರ್ಧ ಕಂತು ತಗೊಳ್ಳೋ ಹಾಗಿಲ್ಲ," ಎಂದರು. "ಇರಿ, ಏನಾದ್ರೂ ದಾರಿ ಇದ್ಯಾ ನೋಡ್ತೀನಿ." ಎದ್ದು ಹೋಗಿ ಫೈಲು ತಂದರು. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುಗಿಸುತ್ತ ಒಂದು ಕಡೆ 'ಹಾಂ' ಎಂದು ನಿಂತರು.

"ಇದರಲ್ಲಿ ವಿದ್ಯಾಭ್ಯಾಸದ ಸಾಲ ಒಂದಿದೆಯಲ್ಲ. ಅದಕ್ಕೆ ಒಂದು ರಿಯಾಯ್ತಿ ಇದೆ. ಓದ್ತಾ ಇರೋವರೆಗೂ ವರ್ಷಕ್ಕೆ ಒಂದು ಕಂತು ಮುಂದೂಡಬಹುದು."

"ಅದು ಬೇಡ ಮೇಡಂ, ಬಿಡಿ," ಎಂದರು ಭಾವ, ಗಡಿಬಿಡಿಯಿಂದ.

"ಯಾಕೆ ಬೇಡ? ಐದರಲ್ಲಿ ಅದೇ ದೊಡ್ಡದು. ಅರವತ್ತರಲ್ಲಿ ಇಪ್ಪತ್ತಾರು ತಿಂಗಳು ಅದರದ್ದೇ ಆಗುತ್ತೆ. ಹುಡುಗಿ ಇನ್ನೂ ಓದ್ತಿದ್ದಾಳೆ ಅಂತ ಒಂದು ಕಾಗದ ತಂದುಕೊಡಿ ಸಾಕು. ಯಾರಿದು, ನಿಮ್ಮ ಹೆಂಡತಿಯ ತಂಗಿನಾ?"

ನಾನು ಫೈಲಿನ ಕಡೆ ಬಗ್ಗಿ ನೋಡಿದೆ. ಕೆಳಗೆ ನನ್ನ ಸಹಿಯಿತ್ತು. ಕೋರ್ಸಿಗೆ ಸೇರುವಾಗ ಅಕ್ಕ ಕಾಗದಗಳ ಒಂದು ಕಂತೆಯನ್ನೇ ಮುಂದಿಟ್ಟಿದ್ದಳು, ಓದದೆ ಎಲ್ಲದಕ್ಕೂ ಸಹಿ ಹಾಕಿದ್ದೆ. ಅಪ್ಪ ಬಿಟ್ಟುಹೋದ ದುಡ್ಡು ಅನ್ನುವುದೇ ಇರಲಿಲ್ಲ. ಅಕ್ಕ ಬೆರಳು ಮಡಚುವಾಗ ಕೊನೆಗೆ ಚಿಲ್ಲರೆ ಸಾಲ ಎನ್ನುತ್ತಿದ್ದದ್ದು ನನ್ನನ್ನು.

ಭಾವ ಕೌಂಟರಿನ ಮರದಲ್ಲಿ ಏನೋ ಗೀರನ್ನು ಉಗುರಿನಿಂದ ಕೆರೆಯುತ್ತಿದ್ದರು. ಓದುತ್ತಿದ್ದಾಳೆ ಎಂದು ಒಂದು ಸುಳ್ಳು ಹೇಳಿದ್ದರೆ ತಿಂಗಳು ಉಳಿಯುತ್ತಿತ್ತು. ಅವರು ಸುಳ್ಳನ್ನೂ ಹೇಳಲಿಲ್ಲ, ಬಿಟ್ಟಳು ಎಂದು ನಿಜವನ್ನೂ ಹೇಳಲಿಲ್ಲ.

"ಓದ್ತಾ ಇಲ್ಲ ಮೇಡಂ," ಎಂದೆ. "ಅದು ನಾನೇ. ಅರ್ಧಕ್ಕೆ ಬಿಟ್ಟೆ." ಚೀಲದಿಂದ ದುಡ್ಡು ತೆಗೆದು, ಕಡಿಮೆ ಬಿದ್ದಷ್ಟನ್ನು ಎಣಿಸಿ ಲಕೋಟೆಯ ಪಕ್ಕದಲ್ಲಿಟ್ಟೆ. ಎಣಿಕೆ ಎರಡು ಸಲ ತಪ್ಪಿತು, ಮೇಡಂ ಕಾದರು. ಭಾವ "ಸೂಜಿ, ರೂಮಿಂದು..." ಎಂದು ಏನೋ ಶುರು ಮಾಡಿದರು. ನಾನು ಅವರ ಕಡೆ ನೋಡಲಿಲ್ಲ. ಮೇಡಂ ರಸೀದಿ ಬರೆದು, ಮೊಹರು ಒತ್ತಿ, ಮೂರನೇ ಕಂತು ಎಂದು ಓದಿ ಕೊಟ್ಟರು.

ಹೊರಗೆ ಬಂದ ಮೇಲೆ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ್ದರಿಂದ ಜೋರಾಗಿ ನಡೆದೆ. ರೂಮು ಕೈತಪ್ಪಿತು, ಅದು ಬೇರೆ ಹೊಟ್ಟೆ ಉರಿಸುತ್ತಿತ್ತು. ಭಾವ ಹಿಂದೆ ಹಿಂದೆಯೇ ಬಂದರು.

"ಇಪ್ಪತ್ತಾರು ತಿಂಗಳು, ಭಾವ," ಎಂದೆ ಕೊನೆಗೆ. "ಹಾಸಿಗೆದು ಎಷ್ಟು?"

"ಮೂರು."

"ಮೂರು ತಿಂಗಳ ಹಾಸಿಗೆಗೆ ಊರೆಲ್ಲ ನಗೋ ಹಾಗೆ ಮಾಡಿದ್ನಲ್ಲ ನಿಮ್ಮನ್ನ. ಈ ನಾಲ್ಕು ದಿನ ಬಾಯಿಗೆ ಬಂದಿದ್ದೆಲ್ಲ ಅಂದೆ. ಒಂದು ಸಲ, ಬಾಯಿ ಮುಚ್ಚೇ, ಇದರಲ್ಲಿ ನಿಂದೇ ಜಾಸ್ತಿ ಇದೆ ಅನ್ನಬಹುದಿತ್ತಲ್ಲ?"

ಭಾವ ಬಿರುಸಾಗಿ ಹೆಜ್ಜೆ ಹಾಕಿ ನನ್ನ ಪಕ್ಕಕ್ಕೆ ಬಂದರು. "ಕೋರ್ಸ್ ಬಿಟ್ಟು ಬಂದ ಮೇಲೆ ನೀನು ಆರು ತಿಂಗಳು ನಕ್ಕಿರಲಿಲ್ಲ," ಎಂದರು. "ನಿನಗೆ ನೆನಪಿಲ್ಲ. ಗೋಡೆ ಕಡೆ ತಿರುಗಿ ಮಲಗಿರ್ತಿದ್ದೆ, ಕರೆದ್ರೂ ಏಳ್ತಿರಲಿಲ್ಲ. ನಿಮ್ಮಕ್ಕನಿಗೆ ದಿನಾ ಹೆದರಿಕೆ. ನಿನಗೊಂದು ಕೋಣೆ ಅಂತ ಆಗಲಿ ಅಂದ್ಕೊಂಡು, ಆ ಪರದೆ ಇರೋ ಕಡೆ ಬಾಗಿಲು ಇಡ್ತೀನಿ ಅಂತ ನಾನು ಹಲಗೆ ತಂದೆ. ಎರಡು ಮೊಳೆ ಹೊಡೆಯೋಷ್ಟರಲ್ಲಿ ಹಲಗೆ ಸೀಳಿತು. ಬಿಟ್ಟು ಕೂತೆ. ನೀನು ಮಲಗಿದ್ದಲ್ಲಿಂದಲೇ ತಲೆಯೆತ್ತಿ, 'ಏನು ಆರಂಭಶೂರರೇ, ಮುಗೀತಾ' ಅಂದೆ. ಅಂದು ನಕ್ಕೆ. ನಿಮ್ಮಕ್ಕ ಒಳಗೆ ಹೋಗಿ ಅತ್ತಳು."

ನನ್ನ ನಡಿಗೆ ನಿಧಾನವಾಯಿತು.

"ಅವತ್ತಿಂದ ದಿನಾ ಏನಾದ್ರೂ ಅಂತಿದ್ದೆ, ನಗ್ತಿದ್ದೆ. ಅನ್ನಲಿ ಬಿಡಿ ಅಂದ್ಲು ಅವಳು. ನನಗೇನು ನಷ್ಟ?"

ದೊಡ್ಡ ರಸ್ತೆಯಲ್ಲಿ ಜನ ಬರುತ್ತಿದ್ದರು, ಹೋಗುತ್ತಿದ್ದರು. ಹಾರ್ಡ್‌ವೇರ್ ಅಂಗಡಿ ಬಂತು. ನಾನು ಒಳಗೆ ಹೋಗಿ ಬಾಗಿಲಿಗೆ ಹಾಕುವ ಕೀಲು ಕೇಳಿದೆ, ಸ್ಕ್ರೂಗಳನ್ನೂ ಕೇಳಿದೆ. ಎರಡು ಕೀಲು ಸಾಕು ಎಂದರು ಭಾವ. ಅವರ ಕೈಯಲ್ಲಿ ಒಂದೆರಡು ಕೆಡುತ್ತವೆ ಎಂದು ನಾಲ್ಕು ತೆಗೆದುಕೊಂಡು ನಾನೇ ದುಡ್ಡು ಕೊಟ್ಟೆ. ಹೊರಗೆ ಬಂದು ಪೊಟ್ಟಣವನ್ನು ಅವರ ಕೈಗಿಟ್ಟೆ.

"ನನಗೆ ಇದೆಲ್ಲ ಸರಿಯಾಗಿ ಬರಲ್ಲ ಕಣೇ," ಎಂದರು.

"ನೀವು ಶುರು ಮಾಡಿ ಭಾವ," ಎಂದೆ. "ಮುಗಿಸೋದನ್ನ ನಾನು ನೋಡ್ಕೋತೀನಿ."